ತೊಳೆಯುವ ಮೊದಲು ಗುಡಿಸಿ: ಮಳೆನೀರಿನ ಮೋರಿ ಕೆಡದಂತೆ ಮನೆಯಲ್ಲೇ ಮಾಡಬಹುದಾದ ಕೆಲಸ

ಅಡುಗೆಮನೆಯ ಸಿಂಕಿನಲ್ಲಿ ಇಳಿಯುವ ನೀರಿಗೂ ರಸ್ತೆಬದಿಯ ಜಾಲರಿಯೊಳಗೆ ಇಳಿಯುವ ನೀರಿಗೂ ದಾರಿ ಬೇರೆ ಬೇರೆ. ಸಿಂಕು, ಬಚ್ಚಲು, ಶೌಚಾಲಯದ ನೀರು ಒಳಚರಂಡಿ ಸೇರಿ ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಜಾಲರಿಯೊಳಗೆ ಬಿದ್ದದ್ದು ಮಾತ್ರ ಯಾರೂ ಸೋಸದೆ, ಯಾರೂ ನೋಡದೆ, ಹತ್ತಿರದ ಕೆರೆಗೋ ಹೊಳೆಗೋ ಕಡಲಿಗೋ ನೇರ ಸೇರುತ್ತದೆ. ಮಳೆನೀರು ಹೇಗೂ ಶುದ್ಧ, ಅದನ್ನು ಸೋಸುವ ಗೊಡವೆ ಯಾಕೆ ಎಂಬ ಲೆಕ್ಕದಲ್ಲೇ ಈ ಮೋರಿಗಳನ್ನು ಕಟ್ಟಿರುವುದು. ಕೆಲವು ಹಳೆಯ ನಗರಗಳಲ್ಲಿ ಎರಡಕ್ಕೂ ಒಂದೇ ಕೊಳವೆ ಇದೆ. ಅಲ್ಲಿ ಜೋರು ಮಳೆ ಬಂದರೆ ಕೊಳವೆ ತುಂಬಿ, ಮಳೆನೀರಿನ ಜೊತೆ ಕೊಳಚೆಯೂ ಹೊಳೆಗೆ ಉಕ್ಕುತ್ತದೆ.

ಬಿಸಿಲಿನ ದಿನಗಳಲ್ಲಿ ಅಂಗಳ, ತಾರಸಿ, ರಸ್ತೆಯಂಚಿನಲ್ಲಿ ಕೂತ ಎಣ್ಣೆ, ಗೊಬ್ಬರ, ಧೂಳು, ಹೇಲು ಎಲ್ಲವನ್ನೂ ಮಳೆಯ ಮೊದಲ ರಭಸ ಒಟ್ಟಿಗೆ ಬಾಚಿಕೊಂಡು ಹೋಗುತ್ತದೆ. ಆ ಮೊದಲ ನೀರೇ ಎಲ್ಲಕ್ಕಿಂತ ಕೊಳಕು. ಹಾಗಾಗಿ ಮುಂದೆ ಹೇಳುವ ಕೆಲಸಗಳೆಲ್ಲ ಮಳೆ ಇಲ್ಲದ ದಿನ ಮಾಡಬೇಕಾದವು. ಈ ಮಾಲಿನ್ಯವನ್ನು ಸರ್ಕಾರಗಳು ಗಂಭೀರವಾಗಿ ತೆಗೆದುಕೊಂಡದ್ದೂ ತಡವಾಗಿಯೇ. ಅಮೆರಿಕದ 1972ರ ಶುದ್ಧ ನೀರಿನ ಕಾಯ್ದೆ ಮೊದಲು ಕೈ ಹಾಕಿದ್ದು ಕಾರ್ಖಾನೆ ಮತ್ತು ಕೊಳಚೆ ಕೊಳವೆಗಳಿಗೆ. ನಗರಗಳ ಮಳೆನೀರಿನ ಮೋರಿಗಳನ್ನು ಪರವಾನಗಿ ವ್ಯವಸ್ಥೆಯೊಳಗೆ ತಂದದ್ದು 1987ರ ತಿದ್ದುಪಡಿ. ಕಾರ್ಖಾನೆಯ ಕೊಳವೆಗೆ ಬೀಗ ಹಾಕಬಹುದು, ಸಾವಿರ ಮನೆಗಳ ಅಂಗಳಕ್ಕೆ ಹಾಕಲಾಗುವುದಿಲ್ಲ.

ಮೊದಲ ಕೆಲಸ: ನೀರಿನ ಹಿಂದೆ ಹೋಗಿ

ಮಳೆಯಿಲ್ಲದ ದಿನ ಒಂದು ಬಕೆಟ್ ಬರಿ ನೀರು ತೆಗೆದುಕೊಳ್ಳಿ. ಅಂಗಳ, ವಾಹನ ನಿಲ್ಲಿಸುವ ಜಾಗ, ಹಿತ್ತಿಲ ಕಟ್ಟೆ, ತಾರಸಿ ಹೀಗೆ ಒಂದೊಂದು ಕಡೆ ಸುರಿದು ಅದು ಎಲ್ಲಿ ಹೊರಬೀಳುತ್ತದೆ ನೋಡಿ. ರಸ್ತೆಬದಿಯ ಜಾಲರಿಯತ್ತ ಹರಿದರೆ ಅಲ್ಲಿ ಸೋಪು, ಬಣ್ಣ, ಎಣ್ಣೆ ಯಾವುದೂ ಬೀಳಕೂಡದು. ಮನೆಯ ಒಳಚರಂಡಿ ಚೇಂಬರಿಗೆ ಹೋದರೆ ಚಿಂತೆಯಿಲ್ಲ.

ವಾಷಿಂಗ್ ಮಷಿನ್ ಬಾಲ್ಕನಿಯಲ್ಲೋ ತಾರಸಿಯಲ್ಲೋ ಇದ್ದರೆ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಮಷಿನ್ನಿನ ಕೊಳವೆಯನ್ನು ಮಳೆನೀರು ಇಳಿಯುವ ಪೈಪಿಗೇ ಸಿಕ್ಕಿಸಿಬಿಡುವುದು ಸಾಮಾನ್ಯ. ಅದು ಕೈಗೆಟುಕುವಷ್ಟು ಹತ್ತಿರ ಇರುತ್ತದೆ, ಗೋಡೆ ಒಡೆಯುವ ಕಷ್ಟ ತಪ್ಪುತ್ತದೆ, ಪ್ಲಂಬರ್ ಬೇಗ ಮನೆಗೆ ಹೋಗುತ್ತಾನೆ. ಮಷಿನ್ ನೀರು ಬಿಡುವ ಹೊತ್ತಿಗೆ ಮನೆಯವರೊಬ್ಬರು ಕೆಳಗೆ ಮಳೆಪೈಪಿನ ಬಾಯಿಯ ಹತ್ತಿರ ನಿಲ್ಲಲಿ. ಒಣ ದಿನ ಆ ಪೈಪಿನಿಂದ ಹನಿ ನೀರೂ ಬರುವಂತಿಲ್ಲ. ಬುಸ್ಸೆಂದು ನೊರೆ ಬಂದರೆ, ನಿಮ್ಮ ಮನೆಯ ಬಟ್ಟೆ ಸೋಪೆಲ್ಲ ಕೆರೆಗೆ ಹೋಗುತ್ತಿದೆ ಎಂದೇ ಅರ್ಥ. ಮಷಿನ್ನಿನ ಕೊಳವೆಯನ್ನು ಬಚ್ಚಲಿನ ಪೈಪಿಗೆ ಬದಲಾಯಿಸಿಕೊಳ್ಳಿ. ಈ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೇನೆ ಅನ್ನುವವರು ಇದನ್ನೇ ಮಾಡಿ. ಒಮ್ಮೆ ಸರಿಮಾಡಿದರೆ ಆಮೇಲೆ ನೆನಪಿಟ್ಟುಕೊಳ್ಳಬೇಕಾದ್ದೇನೂ ಇಲ್ಲ.

ಎರಡನೆಯದು: ಪೈಪು ಬಿಟ್ಟು ಪೊರಕೆ ಹಿಡಿಯಿರಿ

ಪೈಪು ಹಿಡಿದು ಅಂಗಳ ತೊಳೆದರೆ ಕಸ ಕಣ್ಣಿಂದ ಮರೆಯಾಗುತ್ತದೆ, ಅಷ್ಟೆ. ಅದು ಜಾಲರಿಯೊಳಗೆ ಹೋಗಿರುತ್ತದೆ. ಮೊದಲು ಗುಡಿಸಿ, ಮಣ್ಣನ್ನು ಗಿಡದ ಬುಡಕ್ಕೆ ಹಾಕಿ, ಉಳಿದದ್ದನ್ನು ಕಸದ ಬುಟ್ಟಿಗೆ ಹಾಕಿ. ಆಮೇಲೂ ನೀರು ಬೇಕೆನಿಸಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ವಾಹನದಡಿಯ ಎಣ್ಣೆ ಕಲೆಗೆ ಬೇರೆ ವಿಧಾನ. ಅದರ ಮೇಲೆ ಮರದ ಹೊಟ್ಟನ್ನೋ ಒಣ ಮರಳನ್ನೋ ಬೆರಳಗಲ ದಪ್ಪಕ್ಕೆ ಸುರಿಯಿರಿ. ಹಳೆಯ ಚಪ್ಪಲಿ ಹಾಕಿಕೊಂಡು ಅದನ್ನು ಚೆನ್ನಾಗಿ ತಿಕ್ಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೊಟ್ಟು ಕಪ್ಪಾಗಿ ಉಂಡೆಗಟ್ಟಿರುತ್ತದೆ. ಗುಡಿಸಿ ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸದ ಜೊತೆ ಕೊಡಿ. ಕಲೆ ಹಳೆಯದಾದರೆ ಎರಡು ಸಲ ಬೇಕಾದೀತು. ನೆಲದ ಬಣ್ಣ ಪೂರ್ತಿ ಮೊದಲಿನಂತಾಗುವುದಿಲ್ಲ, ಆಗಬೇಕಿಲ್ಲವೂ ಕೂಡ. ನೀರಿನೊಡನೆ ಕೊಚ್ಚಿಹೋಗುವಂಥದ್ದು ಅಲ್ಲಿ ಉಳಿಯದಿದ್ದರೆ ಸಾಕು.

ಕಲೆ ಮತ್ತೆ ಮತ್ತೆ ಬೀಳುತ್ತಿದ್ದರೆ ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿ ನೋಡಿ. ಕಪ್ಪು ಅಥವಾ ಕಂದು ಹನಿ ಇಂಜಿನ್ ಆಯಿಲ್. ಹಸಿರೋ ಗುಲಾಬಿಯೋ ಇದ್ದು ತೆಳ್ಳಗಿದ್ದರೆ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಆಗಿರುವ ಸಾಧ್ಯತೆ ಹೆಚ್ಚು. ಹೆಚ್ಚಿನ ಕೂಲಂಟ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದರ ಸಿಹಿಗೆ ನಾಯಿ ಬೆಕ್ಕುಗಳು ನೆಕ್ಕಿ ಸಾಯುವುದುಂಟು. ಇನ್ನು ಆಯಿಲ್ ಬದಲಿಸಿದಾಗ ತೆಗೆದ ಹಳೆ ಎಣ್ಣೆಯ ವಿಷಯ: ಒಂದು ಸಲದ ಎಣ್ಣೆಯೇ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಅದನ್ನು ಡಬ್ಬದಲ್ಲಿ ಮುಚ್ಚಿಟ್ಟು, ಹಳೆ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ತಲುಪಿಸಿ.

ಮೂರನೆಯದು: ಗಾಡಿ ತೊಳೆಯುವ ಜಾಗ ಬದಲಿಸಿ

ಒಂದು ಬಕೆಟ್ ಸೋಪುನೀರಿನಿಂದ ಏನಾದೀತು, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದುಕೊಳ್ಳುತ್ತೇವೆ. ಆದರೆ ಇಡೀ ಬೀದಿಯವರು ಗಾಡಿ ತೊಳೆಯುವುದು ಒಂದೇ ರಜಾದಿನ, ಹೊಳೆಯೆಂದರೆ ಒಣಗಾಲದಲ್ಲಿ ಪಾದ ಮುಳುಗುವಷ್ಟು ನೀರಿನ ತೊರೆ. ಸೋಪಿನಲ್ಲಿ ಜಿಡ್ಡು ಬಿಡಿಸುವ ಅಂಶವೇ ಮೀನಿನ ಕಿವಿರಿನ ಮೇಲಿನ ಲೋಳೆಯನ್ನೂ ಬಿಡಿಸಿ, ಉಸಿರಾಟ ಕೆಡಿಸುತ್ತದೆ. ಬಾಟಲಿಯ ಮೇಲೆ ‘ಜೈವಿಕವಾಗಿ ಕರಗುತ್ತದೆ’ ಎಂದು ಬರೆದಿದ್ದರೂ ಅದು ಕೊಳೆಯಲು ದಿನಗಳು ಬೇಕು, ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ. ಆ ಬರಹ ನೋಡಿ ಮೋರಿಗೆ ಸುರಿಯಬಹುದು ಅಂದುಕೊಳ್ಳುವುದಕ್ಕೆ ಅರ್ಥವಿಲ್ಲ.

ಗಾಡಿಯನ್ನು ಹುಲ್ಲು, ಜಲ್ಲಿ ಅಥವಾ ಬರಿ ಮಣ್ಣಿನ ಮೇಲೆ ನಿಲ್ಲಿಸಿ ತೊಳೆಯಿರಿ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸೋಪನ್ನು ಅಲ್ಲೇ ಕೊಳೆಸುತ್ತವೆ. ಉಳಿದ ಬಕೆಟ್ ನೀರು ಶೌಚಾಲಯಕ್ಕೆ. ಮಣ್ಣಿನ ಜಾಗವೇ ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲವೇ ತೊಳೆದ ನೀರನ್ನು ಒಳಚರಂಡಿಗೆ ಬಿಡುವ ವಾಷಿಂಗ್ ಕೇಂದ್ರಕ್ಕೆ ಒಯ್ಯಿರಿ. ಎಲ್ಲ ಕೇಂದ್ರಗಳೂ ಹಾಗೆ ಬಿಡುವುದಿಲ್ಲ, ಕೇಳಿ ನೋಡಿ.

ಗಾಡಿಯ ವಿಷಯದಲ್ಲಿ ಮನೆಯವರ ಕೈ ಮೀರಿದ್ದೂ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದ ಬೆನ್ನಿಗೇ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮುಂಚೆ ಸಾಯುತ್ತಿದ್ದವು. ಕಾರಣ ಬೆಳಕಿಗೆ ಬಂದದ್ದು 2020ರಲ್ಲಿ. ಟೈರು ಬಿರಿಯದಿರಲೆಂದು ರಬ್ಬರಿಗೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಜೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತದೆ, ಸವೆದ ಟೈರಿನ ಪುಡಿಯೊಡನೆ ತೊರೆ ಸೇರುತ್ತದೆ. ಇದನ್ನು ಟೈರು ಮಾಡುವವರೇ ಸರಿಪಡಿಸಬೇಕು. ನಮ್ಮ ಪಾಲಿಗೆ ಟೈರಿನ ಗಾಳಿ ಸರಿಯಾಗಿಟ್ಟು ಸವೆತ ಕಡಿಮೆ ಮಾಡುವುದಷ್ಟೇ ಉಳಿಯುತ್ತದೆ.

ನಾಲ್ಕನೆಯದು: ಗೊಬ್ಬರ ಮತ್ತು ಎಲೆ

ಕೆರೆ ಹಸಿರಾಗುವುದು ಯಾಕೆ ಎಂಬ ಜಗಳ ಒಂದು ಕಾಲಕ್ಕೆ ಜೋರಾಗಿತ್ತು. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ‘226’ ಎಂಬ ಸಂಖ್ಯೆಯ ಸರೋವರದ ನಡುವೆ ಪರದೆ ಕಟ್ಟಿದರು. ಒಂದು ಬದಿಗೆ ಇಂಗಾಲ ಮತ್ತು ಸಾರಜನಕ, ಇನ್ನೊಂದು ಬದಿಗೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಬದಿ ಪಾಚಿ ಕಟ್ಟಿ ಹಸಿರಾಯಿತು, ಪಕ್ಕದ ಬದಿ ಹಾಗಾಗಲಿಲ್ಲ. ಮೇಲಿನಿಂದ ತೆಗೆದ ಆ ಸರೋವರದ ಚಿತ್ರ ವಾದಕ್ಕೆ ತೆರೆ ಎಳೆಯಲು ಸಾಕಷ್ಟು ನೆರವಾಯಿತು. ಒಂದು ಗ್ರಾಂ ರಂಜಕ ಸುಮಾರು ನೂರು ಗ್ರಾಂ ಒಣ ತೂಕದ ಪಾಚಿ ಬೆಳೆಸಬಲ್ಲದು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಇಳಿಯುತ್ತದೆ, ಮೀನು ತೇಲುತ್ತದೆ.

ಹಾಗಾಗಿ ಗಿಡಗಳಿಗೆ ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಸಾಕಷ್ಟಿದ್ದರೆ ಮತ್ತೆ ಹಾಕುವುದು ದುಡ್ಡು ಮೋರಿಗೆ ಹಾಕಿದಂತೆಯೇ. ಜೋರು ಮಳೆಯ ಮುನ್ಸೂಚನೆ ಇರುವ ದಿನ ಗೊಬ್ಬರವನ್ನೂ ಕೀಟನಾಶಕವನ್ನೂ ಮುಟ್ಟಬೇಡಿ. ಕಾಂಕ್ರೀಟಿನ ಮೇಲೆ ಚೆಲ್ಲಿದ ಗೊಬ್ಬರದ ಕಾಳುಗಳನ್ನು ಅಲ್ಲೇ ಬಿಡದೆ ಪಾತಿಗೆ ಗುಡಿಸಿಹಾಕಿ.

ಎಲೆಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮರದ ಎಲೆ ನಿಸರ್ಗದ್ದೇ ಅಲ್ಲವೇ? ಕಾಡಿನಲ್ಲಿ ಅದು ಮಣ್ಣಿಗೆ ಬೀಳುತ್ತದೆ. ಟಾರು ರಸ್ತೆಯಂಚಿನಲ್ಲಿ ಬಿದ್ದ ಎಲೆಯನ್ನು ಚಕ್ರಗಳು ಅರೆಯುತ್ತವೆ, ಮಳೆ ಅದರ ರಂಜಕವನ್ನು ಸೋಸಿಕೊಂಡು ಮೋರಿಗಿಳಿಯುತ್ತದೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ನಡೆಸಿದ ಅಧ್ಯಯನದಲ್ಲಿ, ಶರತ್ಕಾಲದ ಎಲೆಗಳನ್ನು ಮಳೆಗೆ ಮುಂಚೆಯೇ ರಸ್ತೆಯಿಂದ ತೆಗೆದಾಗ ನೀರಿನೊಡನೆ ಹೋಗುವ ರಂಜಕ ಶೇ 84ರಷ್ಟು ಕಡಿಮೆಯಾಯಿತು. ಎಲೆ ರಾಶಿಯನ್ನು ರಸ್ತೆಯಂಚಿಗೆ ದೂಡಬೇಡಿ, ಗಿಡದ ಬುಡಕ್ಕೆ ಹೊದಿಸಿ ಅಥವಾ ಗೊಬ್ಬರದ ಗುಂಡಿಗೆ ಹಾಕಿ. ಮೋಡ ಕವಿದಾಗ ಮನೆ ಮುಂದಿನ ಜಾಲರಿಯ ಮೇಲಿನದನ್ನೂ ಎತ್ತಿ.

ಐದನೆಯದು: ನಾಯಿ, ಬಣ್ಣ, ಸಿಮೆಂಟು

ನಾಯಿಯ ಹೇಲು ಗೊಬ್ಬರವಾಗುತ್ತದೆ ಎಂಬ ನಂಬಿಕೆ ಬಿಡಿ. ಅದರ ಒಂದೊಂದು ಗ್ರಾಮಿನಲ್ಲೂ ಕೋಟಿಗಟ್ಟಲೆ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಜೊತೆಗೆ ಜಂತುಹುಳುವಿನ ಮೊಟ್ಟೆಗಳೂ ಇರಬಹುದು. ಚೀಲದಲ್ಲಿ ಎತ್ತಿ ಕಸಕ್ಕೆ ಹಾಕಿ. ಎತ್ತಿದ ಚೀಲವನ್ನು ಮೋರಿಗೇ ಎಸೆಯುವವರೂ ಇದ್ದಾರೆ. ಅದಕ್ಕಿಂತ ಎತ್ತದಿರುವುದೇ ವಾಸಿ.

ನೀರು ಬೆರೆಸುವ ಬಣ್ಣದ ಕುಂಚವನ್ನು ಸಿಂಕಿನಲ್ಲಿ ತೊಳೆಯಿರಿ. ಎಣ್ಣೆಬಣ್ಣದ ಥಿನ್ನರನ್ನು ಎಲ್ಲೂ ಸುರಿಯಬೇಡಿ. ಬಾಟಲಿಯಲ್ಲಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಮನೆ ರಿಪೇರಿ ನಡೆದಾಗ ಟೈಲ್ಸ್ ಕೊಯ್ದ ಹಾಲಿನಂಥ ನೀರು, ಸಿಮೆಂಟು ಬಾಂಡಲಿ ತೊಳೆದ ನೀರಿನ ಮೇಲೆ ಕಣ್ಣಿಡಿ. ಸಿಮೆಂಟು ನೀರಿನ ಪಿಎಚ್ ಸುಮಾರು 12, ಚರ್ಮ ಸುಡುವಷ್ಟು ಕ್ಷಾರ. ಸಣ್ಣ ತೊರೆಗೆ ಬಿದ್ದರೆ ಮೀನು ಉಳಿಯುವುದಿಲ್ಲ. ಒಂದು ಗುಂಡಿಗೆ ಪ್ಲಾಸ್ಟಿಕ್ ಹಾಸಿ ಅದರಲ್ಲೇ ತೊಳೆಯುವಂತೆ ಕೆಲಸದವರಿಗೆ ಮೊದಲ ದಿನವೇ ಹೇಳಿ. ಗಟ್ಟಿಯಾದ ಮೇಲೆ ಒಡೆದು ಕಟ್ಟಡದ ಕಸದೊಡನೆ ಕಳಿಸಿ.

ಸಿಗರೇಟ್ ತುಂಡು ಸಹ ಮೋರಿಗಲ್ಲ. ಪ್ರಯೋಗಾಲಯದಲ್ಲಿ ಒಂದು ಲೀಟರ್ ನೀರಿಗೆ ಸೇದಿದ ಒಂದೇ ತುಂಡು ನೆನೆಸಿದರೂ ಅದರಲ್ಲಿ ಬಿಟ್ಟ ಮೀನುಗಳಲ್ಲಿ ಸುಮಾರು ಅರ್ಧ ಸತ್ತಿವೆ.

ಆರನೆಯದು: ತಾರಸಿ ನೀರನ್ನು ಮಣ್ಣಿಗೆ ತಿರುಗಿಸಿ

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ 25 ಮಿಲಿಮೀಟರ್ ಸುರಿದರೆ 2,500 ಲೀಟರ್. ಅಷ್ಟೂ ಕಾಂಕ್ರೀಟಿನ ಮೇಲೆ ಹರಿದರೆ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಎಳೆದೊಯ್ಯುತ್ತದೆ. ಮಳೆಪೈಪಿನ ತುದಿಗೆ ಮೊಣಕೈಯಂತೆ ಬಾಗಿದ ಪೈಪಿನ ತುಂಡು ಜೋಡಿಸಿ ಪಾತಿಯತ್ತ ತಿರುಗಿಸಿ, ಅಡಿಪಾಯದಿಂದ ಕನಿಷ್ಠ 3 ಮೀಟರ್ ದೂರ ಬೀಳಲಿ. ಮುಂಚೆ ಅಲ್ಲೊಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ ನೋಡಿ. ಒಂದು ದಿನದಲ್ಲಿ ಇಂಗಿದರೆ ಜಾಗ ಸರಿ. ಎರಡು ದಿನವಾದರೂ ನಿಂತೇ ಇದ್ದರೆ ಬೇರೆ ಕಡೆ ನೋಡಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾದೀತು.

ಚೆಲ್ಲಿಹೋದರೆ

ಬಣ್ಣದ ಡಬ್ಬ ಉರುಳಿತು, ಎಣ್ಣೆ ಚೆಲ್ಲಿತು ಎಂದಾಗ ಕೈ ತಾನಾಗಿ ಪೈಪಿನ ಕಡೆ ಹೋಗುತ್ತದೆ. ಬೇಡ. ಚೆಲ್ಲಿದ್ದು ಪೆಟ್ರೋಲೋ ಥಿನ್ನರೋ ಆಗಿದ್ದರೆ ಹತ್ತಿರ ಬೆಂಕಿ, ಸಿಗರೇಟ್ ಇರಬಾರದು. ಮೊದಲು ಜಾಲರಿಯ ಸುತ್ತ ಮಣ್ಣಿನ ಚೀಲ, ಹಳೆಯ ಗೋಣಿ, ಏನು ಸಿಕ್ಕರೆ ಅದನ್ನು ಒಡ್ಡು ಕಟ್ಟಿ. ಆಮೇಲೆ ಅಂಚಿನಿಂದ ನಡುವಿಗೆ ಮರಳು ಹಾಕುತ್ತಾ ಬನ್ನಿ. ಹೀರಿಕೊಂಡ ಮೇಲೆ ಎತ್ತಿ ಚೀಲ ಕಟ್ಟಿ. ಆಗಲೇ ಜಾಲರಿಯೊಳಗೆ ಇಳಿದುಹೋಗಿದ್ದರೆ ಮುಚ್ಚಿಡಬೇಡಿ, ಸ್ಥಳೀಯ ಸಂಸ್ಥೆಗೆ ಫೋನ್ ಮಾಡಿ. ಏನು ಚೆಲ್ಲಿತು, ಎಷ್ಟು, ಯಾವ ಜಾಲರಿ, ಎಷ್ಟು ಹೊತ್ತಿಗೆ ಎಂಬುದನ್ನು ಕೇಳುತ್ತಾರೆ. ಡಬ್ಬವನ್ನು ಎಸೆಯದೆ ಲೇಬಲ್ ನೋಡಿ ಓದಿ ಹೇಳಿ.