ಮೊಬಿಲಿಟಿ ಸ್ಕೂಟರ್: ಆನ್‌ಲೈನಾ, ಅಂಗಡಿಯಾ?

ಅಪ್ಪನಿಗೆ ಮಂಡಿ ನೋವು, ದೂರ ನಡೆಯಲು ಆಗುವುದಿಲ್ಲ. ಅದಕ್ಕೇ ಹೋದ ವರ್ಷ ಮೊಬಿಲಿಟಿ ಸ್ಕೂಟರ್, ಅಂದರೆ ನಡೆಯಲು ಕಷ್ಟ ಇರುವವರು ಕೂತು ಓಡಿಸುವ ಬ್ಯಾಟರಿ ಗಾಡಿ, ತೆಗೆದುಕೊಂಡೆವು. ಆನ್‌ಲೈನಿನಲ್ಲಿ ಬೆಲೆ ಕಮ್ಮಿ ಇತ್ತು, ನಿಜ. ಆದರೂ ಮೊದಲು ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿದ್ದು ಒಳ್ಳೆಯದಾಯಿತು. ಫೋಟೋ ನೋಡಿ ಮೆಚ್ಚಿದ್ದ ನಾಲ್ಕು ಚಕ್ರದ ಗಾಡಿ ತಿರುಗಲು ಎಷ್ಟು ಜಾಗ ಬೇಕು ಅಂತ ಗೊತ್ತಾಗಿದ್ದೇ ಅಲ್ಲಿ. ನಮ್ಮ ಲಿಫ್ಟಿಗೆ ಅದು ಹಿಡಿಸುತ್ತಲೇ ಇರಲಿಲ್ಲ! ಹಾಗಾಗಿ ಬಾಗಿಲು, ಲಿಫ್ಟು, ಕಾರಿನ ಡಿಕ್ಕಿ ಎಲ್ಲ ಟೇಪಿನಲ್ಲಿ ಅಳೆದುಕೊಂಡೇ ಹೊರಡಿ.

ಇನ್ನು ರಿಪೇರಿ. ದೊಡ್ಡ ಗಾಡಿಗಳು 50 ಕಿಲೋ ದಾಟುತ್ತವೆ. ಕೆಟ್ಟರೆ ಪ್ಯಾಕ್ ಮಾಡಿ ವಾಪಸ್ ಕಳಿಸುವ ಪಾಡು ಯಾರಿಗೆ ಬೇಕು? ಮನೆಗೆ ಬಂದು ನೋಡುವವರು ನಿಮ್ಮ ಊರಿನಲ್ಲಿ ಇದ್ದಾರಾ, ಟೈರು, ಚಾರ್ಜರ್ ಸಿಗುತ್ತವಾ ಕೇಳಿ. ಬ್ಯಾಟರಿಯ ವಾರಂಟಿ ಎಷ್ಟು ಅಂತ ಬೇರೆಯಾಗಿಯೇ ಕೇಳಿ. ಲೆಡ್ ಆಸಿಡ್ ಬ್ಯಾಟರಿ ಆದರೆ ಓಡಿಸದಿದ್ದರೂ ಆಗಾಗ ಚಾರ್ಜ್ ಮಾಡಬೇಕು, ಇಲ್ಲದಿದ್ದರೆ ಸುಮ್ನೆ ನಿಂತಲ್ಲೇ ಹಾಳಾಗುತ್ತದೆ. ಗೋಡೌನಿನಲ್ಲಿ ಎಷ್ಟು ದಿನ ಬಿದ್ದಿತ್ತೋ ಏನೋ, ತಯಾರಾದ ತಿಂಗಳು ನೋಡಿ.

ಕುಶನ್, ಬುಟ್ಟಿ ಇಂಥವನ್ನು ನಾವು ಆನ್‌ಲೈನಿನಲ್ಲೇ ತರಿಸಿದೆವು. ಊರಲ್ಲಿ ಅಂಗಡಿಯೇ ಇಲ್ಲ ಅನ್ನುವವರು, ವಾಪಸ್ ಕಳಿಸುವ ಖರ್ಚು ಯಾರದ್ದು ಅಂತ ಬರೆಸಿಕೊಂಡೇ ದುಡ್ಡು ಕಟ್ಟಿ.