ಚೀಟಿ ಹಂಚಿ ಕೆರ್ಮಾ ಪಾಠ ಮಾಡಿದ ಕತೆ

ಈಜಿಪ್ಟ್ ಪಾಠಕ್ಕೆ ಮುಂಚೆ ಸುಡಾನಿನ ಕೆರ್ಮಾ (ಹಳೆಯ ಕುಶ್ ರಾಜ್ಯದ ರಾಜಧಾನಿ) ಮಾಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. 'ಅದು ಯಾವ ಯೂನಿಟ್‌ನಲ್ಲಿದೆ ಸಾರ್?' ಅಂತ ಒಬ್ಬರು ಕಾಲೆಳೆದಿದ್ದರು. ಈ ಸಲ ಇಂಟರ್ನಲ್ಸ್ ಪೇಪರ್ ನೋಡಿದ ಮೇಲೆ ಅವರೇ ನನ್ನ ಚೀಟಿಗಳ ಜೆರಾಕ್ಸ್ ಕೇಳಿದ್ದಾರೆ. ಎಪ್ಪತ್ತು ಚಿಲ್ಲರೆ ಪೇಪರ್‌ಗಳಲ್ಲಿ ಐವತ್ತರ ಮೇಲೆ ಸಾಕ್ಷ್ಯ ಹಿಡಿದು ವಾದ ಮಾಡಿದ್ದವು.

ಮೊದಮೊದಲು ಪ್ರೊಜೆಕ್ಟರ್ ಹಾಕಿ ಹೇಳುತ್ತಿದ್ದೆ. ಅಮೆರಿಕದ ಪುರಾತತ್ವಜ್ಞ ರೈಸ್ನರ್ 1913ರಿಂದ 1916ರವರೆಗೆ ಅಲ್ಲಿ ಅಗೆದರು, ಇಷ್ಟು ದೊಡ್ಡ ಕೆಲಸ ಆ ನೆಲದ ಕಪ್ಪು ಜನರದ್ದಲ್ಲ, ಈಜಿಪ್ಟಿನವರ ಠಾಣೆ ಇದು ಅಂದರು ಅಂತ. ಹುಡುಗರು ಬರೆದುಕೊಂಡರು. ಪರೀಕ್ಷೆಯಲ್ಲಿ 'ರೈಸ್ನರ್ ಜನಾಂಗವಾದಿ' ಅಂತ ಒಂದು ಸಾಲು, ಮುಗೀತು. ಅವರು ಎಡವಿದ್ದು ಎಲ್ಲಿ ಅಂತ ಕೇಳಿದರೆ ಎಲ್ಲರೂ ಗಪ್‌ಚುಪ್.

ಆಮೇಲೆ ಚೀಟಿಗೆ ಬಂದೆ. ಗುಂಪಿಗೆ ಐದಾರು ಜನ. ಮೊದಲ ಚೀಟಿಯಲ್ಲಿ ರೈಸ್ನರ್ ಕೈಗೆ ಸಿಕ್ಕಿದ್ದಷ್ಟೇ: ಸುಮಾರು 90 ಮೀಟರ್ ಅಗಲದ ಸಮಾಧಿ ದಿಬ್ಬ, ಒಳಗೆ ಈಜಿಪ್ಟಿನ ಅಧಿಕಾರಿ ಜೆಫೈಹಾಪಿಯ ಪ್ರತಿಮೆಯ ಚೂರು, ಅವನ ಹೆಂಡತಿ ಸೆನ್ನುವಿಯ ಕಲ್ಲಿನ ಪ್ರತಿಮೆ. ಯಾರ ಸಮಾಧಿ? ಎಲ್ಲ ಗುಂಪಿನವರೂ 'ಜೆಫೈಹಾಪಿದು' ಅಂದರು. ರೈಸ್ನರ್ ಹೇಳಿದ್ದೂ ಅದೇ! ಮುಂದಿನ ಚೀಟಿ: ಹೆಣ ಮಂಚದ ಮೇಲಿದೆ, ಜೊತೆಗೆ ನೂರಾರು ಜನರ ಬಲಿ. ಆ ಕಾಲದ ಈಜಿಪ್ಟಿನಲ್ಲಿ ಹೀಗೆ ಹೂಳುತ್ತಿರಲಿಲ್ಲ. ಇಲ್ಲಿ ಗುಸುಗುಸು ಶುರು. ಕೊನೆಯ ಚೀಟಿ: ಜೆಫೈಹಾಪಿಯ ಗೋರಿ ಈಜಿಪ್ಟಿನ ಅಸ್ಯೂಟ್‌ನಲ್ಲಿದೆ, ಪ್ರತಿಮೆಗಳು ದಿಬ್ಬಕ್ಕಿಂತ ಇನ್ನೂರು ವರ್ಷಕ್ಕೂ ಹಳೆಯವು. ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗಿ, 'ಹಾಗಾದ್ರೆ ಇದು ಲೂಟಿ ಮಾಲು ಸಾರ್!' ಅಂದಳು. ಆಗ ಈಜಿಪ್ಟಿನ ಎಲ್‌ಕಾಬ್‌ನ ಅಧಿಪತಿ ಸೊಬೆಕ್‌ನಖ್ತನ ಗೋರಿಯಲ್ಲಿ 2003ರಲ್ಲಿ ಸಿಕ್ಕ ಶಾಸನ ತೆಗೆದೆ. ಕುಶ್‌ನವರು ದಂಡೆತ್ತಿ ಬಂದದ್ದನ್ನು ಈಜಿಪ್ಟಿನವನೇ ಬರೆಸಿದ್ದಾನೆ.

ನಡುವೆ ಇನ್ನೊಂದು ಚೀಟಿ ಉಂಟು. ಪಾಠ ನಿಂತಿರುವುದೇ ಅದರ ಮೇಲೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. ಜೆರಾಕ್ಸು, ಲ್ಯಾಮಿನೇಷನ್ನು ಸೇರಿ ಸಾವಿರದೊಳಗೆ ಆಯಿತು. ಕೈ ಕಚ್ಚಿದ್ದು ಫ್ಲೆಕ್ಸ್. ಲಕ್ಸರ್‌ನಲ್ಲಿ, ಟುಟಂಖಾಮನ್ ಕಾಲದ ಅಧಿಕಾರಿ ಹೂಯಿಯ ಗೋರಿಯಲ್ಲಿ ನೂಬಿಯಾದ (ಈಜಿಪ್ಟಿನ ದಕ್ಷಿಣದ ನಾಡು, ಕುಶ್ ಇದ್ದದ್ದೂ ಅಲ್ಲೇ) ಅರಸುಗಳು ಕಾಣಿಕೆ ತರುವ ಚಿತ್ರವಿದೆಯಲ್ಲ, ಅದನ್ನು ಹತ್ತು ಅಡಿಗೆ ಮಾಡಿಸಿದೆ. ಬಿಚ್ಚಿ ನೋಡಿದರೆ ಎಲ್ಲರ ಮುಖವೂ ಗೋಧಿ ಬಣ್ಣ! ಅಂಗಡಿ ಹುಡುಗ, 'ಡಾರ್ಕ್ ಇತ್ತು ಸಾರ್, ಸ್ವಲ್ಪ ಬ್ರೈಟ್ ಮಾಡಿದೀನಿ' ಅಂದ. ಮದುವೆ ಫ್ಲೆಕ್ಸಿಗೆ ಮಾಡುವ ಕೆಲಸವನ್ನೇ ಮಾಡಿದ್ದ, ಪಾಪ. ಮತ್ತೆ ಆರುನೂರು ರೂಪಾಯಿ ಕೈಬಿಟ್ಟಿತು. ಹಳೆಯದನ್ನು ಎಸೆಯಲಿಲ್ಲ. ಎರಡನ್ನೂ ಅಕ್ಕಪಕ್ಕ ತೂಗುಹಾಕಿದೆ. ಜನಾಂಗದ ಬಗ್ಗೆ ನಾನು ಗಂಟೆಗಟ್ಟಲೆ ಕೊರೆಯುವುದು ತಪ್ಪಿತು.

ಆ ಚಿತ್ರದಲ್ಲಿ ಮಿಯಾಮ್‌ನ ಅರಸು ಹೆಕನೆಫರ್ ನೂಬಿಯಾದ ಉಡುಗೆಯಲ್ಲಿ ಮಂಡಿಯೂರಿದ್ದಾನೆ. ತೋಷ್ಕಾದಲ್ಲಿ ತನಗಾಗಿ ಮಾಡಿಸಿಕೊಂಡ ಗೋರಿಯಲ್ಲಿ ಅದೇ ಮನುಷ್ಯ ಅಪ್ಪಟ ಈಜಿಪ್ಟ್ ಅಧಿಕಾರಿ. ಇವನ ಮೇಲೊಂದು ಹೊಸ ಚೀಟಿ ಕಟ್ಟು ತಯಾರಾಗುತ್ತಿದೆ.

ಇನ್ನೊಂದು ಪ್ರಯೋಗ ಕೈಕೊಟ್ಟಿತು. ರೋಮಿನ ಆಗಸ್ಟಸ್‌ನ ಕಂಚಿನ ತಲೆಯನ್ನು ಕುಶ್‌ನವರು ಹೊತ್ತು ತಂದು ತಮ್ಮ ಪಟ್ಟಣ ಮೆರೋಯಿಯಲ್ಲಿ ಮೆಟ್ಟಿಲ ಕೆಳಗೆ ಹೂತಿದ್ದರು, ಬಂದವರೆಲ್ಲ ತುಳಿಯಲಿ ಅಂತ. 1910ರಲ್ಲಿ ಅದು ಸಿಕ್ಕಿತು. ನಾನು ಆ ತಲೆಯ ಪ್ರಿಂಟ್‌ಔಟನ್ನು ಕ್ಲಾಸಿನ ಹೊಸ್ತಿಲಿಗೆ ಅಂಟಿಸಿದೆ. ನಮ್ಮವರು ಕಾಗದ ತುಳಿಯುತ್ತಾರಾ? ಒಬ್ಬೊಬ್ಬರೂ ದಾಟಿಕೊಂಡೇ ಬಂದರು. ಒಬ್ಬನ ಕಾಲು ತಾಗಿತು, ತಕ್ಷಣ ಮುಟ್ಟಿ ಕಣ್ಣಿಗೊತ್ತಿಕೊಂಡ! ಮುಂದಿನ ವರ್ಷ ಸಿಮೆಂಟಿನ ತಲೆ ಮಾಡಿಸಿ ಮೆಟ್ಟಿಲ ಕೆಳಗೇ ಹೂಳಿಸುವ ಯೋಚನೆ ಇದೆ. ಗಾರೆಯವರು ಎರಡು ಸಾವಿರ ಅಂದಿದ್ದಾರೆ. ಪ್ರಿನ್ಸಿಪಾಲರು ಇನ್ನೂ ಹೂಂ ಅಂದಿಲ್ಲ.