ಚಿವಿಟಾವೆಕ್ಕಿಯಾದಿಂದ ಫ್ಯುಮಿಚಿನೊಗೆ ಲೋಕಲ್ ರೈಲು: ಮೂರು ಸಲ ಸೋತು ನಾಲ್ಕನೇ ಸಲ ಗೆದ್ದೆ

ನಾಲ್ಕು ಜನ, ನಾಲ್ಕು ಪೆಟ್ಟಿಗೆ, ರೈಲಿಗೆ ಒಟ್ಟು ಖರ್ಚು ಐವತ್ತು ಚಿಲ್ಲರೆ ಯೂರೋ. ಹಡಗಿನ ಬಾಗಿಲಿಂದ ಏರ್‌ಪೋರ್ಟ್ ಬಾಗಿಲಿಗೆ ಮೂರು ಗಂಟೆಯ ಒಳಗೆ. ಲೆಕ್ಕ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಭಾವ ಇದನ್ನು ಇವತ್ತಿಗೂ ಅದೃಷ್ಟ ಅನ್ನುತ್ತಾರೆ. ಅದೃಷ್ಟ ಅಲ್ಲ. ಇದಕ್ಕೂ ಮುಂಚೆ ಮೂರು ಸಲ ಪೆಟ್ಟು ತಿಂದಿದ್ದೇನೆ.

ಕ್ರೂಸ್ ಮಾಡಿದವರಿಗೆ ಗೊತ್ತೇ ಇದೆ. ಟಿಕೆಟಿನಲ್ಲಿ ರೋಮ್ ಎಂದಿರುತ್ತದೆ, ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮಿನ ಏರ್‌ಪೋರ್ಟ್ ಇರುವ ಫ್ಯುಮಿಚಿನೊಗೆ ರಸ್ತೆಯಲ್ಲಿ ಅರವತ್ತೆಪ್ಪತ್ತು ಕಿಲೋಮೀಟರ್. ನೇರ ರೈಲಿಲ್ಲ. ಈ ಒಂದು ಕಾರಣಕ್ಕೇ ಎಲ್ಲರೂ ಟ್ಯಾಕ್ಸಿ, ವ್ಯಾನ್ ಅಂತ ಓಡುತ್ತಾರೆ.

ಮೊದಲ ಸಲ ನಾನೂ ಹಡಗಿನವರ ಬಸ್ಸನ್ನೇ ಹಿಡಿದೆ. ತಲೆಗೆ ಹತ್ತಿರ ಹತ್ತಿರ ಎಪ್ಪತ್ತು ಯೂರೋ. ಹಿಂದಿನ ರಾತ್ರಿ ಬಣ್ಣದ ಚೀಟಿ ಕಟ್ಟಿ ಪೆಟ್ಟಿಗೆ ಹೊರಗಿಟ್ಟಿದ್ದೆ. ಬೆಳಿಗ್ಗೆ ನಮ್ಮ ಬಣ್ಣ ಕೂಗುವಷ್ಟರಲ್ಲಿ ಒಂಬತ್ತು. ಕೆಳಗಿನ ಶೆಡ್ಡಿನಲ್ಲಿ ಸಾವಿರಾರು ಪೆಟ್ಟಿಗೆ, ಎಲ್ಲವೂ ಕಪ್ಪು. ನಮ್ಮದು ಸಿಕ್ಕಿತು, ಬಸ್ಸಿನಲ್ಲಿ ಕೂತೆವು, ಆದರೆ ಯಾರೋ ಇಬ್ಬರು ಬರಲಿಲ್ಲ ಅಂತ ಇನ್ನೂ ನಲವತ್ತು ನಿಮಿಷ ನಿಂತಿತು. ಫ್ಲೈಟ್ ಸಿಕ್ಕಿತು, ಬಿಪಿ ಮಾತ್ರ ಏರಿತ್ತು.

ಎರಡನೇ ಸಲ ಒಬ್ಬನೇ. ರೈಲು ಅಂತ ತೀರ್ಮಾನ ಮಾಡಿ ಎಲ್ಲರೂ ಹೇಳುವ ದಾರಿ ಹಿಡಿದೆ: ರೋಮಿನ ಮುಖ್ಯ ಸ್ಟೇಷನ್ ಟೆರ್ಮಿನಿವರೆಗೆ ಹೋಗಿ ಅಲ್ಲಿಂದ ಏರ್‌ಪೋರ್ಟಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್. ಅದು 14 ಯೂರೋ, ಅರ್ಧ ಗಂಟೆ, ಒಳ್ಳೆಯ ರೈಲೇ. ತಪ್ಪು ನನ್ನದು. ಚಿವಿಟಾವೆಕ್ಕಿಯಾ ಕಡೆಯ ಲೋಕಲ್ ಟೆರ್ಮಿನಿಯಲ್ಲಿ ಎಲ್ಲೋ ಮೂಲೆಯ ಪ್ಲಾಟ್‌ಫಾರ್ಮಿಗೆ ಬಂತು. ಅಲ್ಲಿಂದ ಮುಖ್ಯ ಹಾಲಿಗೆ ನಡೆದೇ ನಡೆದೆ, ಜನಜಂಗುಳಿಯಲ್ಲಿ. ಸಾಲದ್ದಕ್ಕೆ ಆವತ್ತು ಕಾಗದದ ಟಿಕೆಟನ್ನು ಸ್ಟೇಷನ್ನಿನ ಪುಟ್ಟ ಯಂತ್ರದಲ್ಲಿ ಪಂಚ್ ಮಾಡಿರಲಿಲ್ಲ. ಟಿಟಿ ಬಂದರು, ಟಿಕೆಟ್ ತಿರುಗಿಸಿ ನೋಡಿದರು, ಮುದ್ರೆ ಇಲ್ಲ. ಐವತ್ತು ಯೂರೋ ದಂಡ. ಟಿಕೆಟಿನ ಬೆಲೆ ನಾಲ್ಕೂವರೆ!

ಮೂರನೆಯದು ಮುಷ್ಕರ. ಹೆಂಡತಿ ಜೊತೆಗಿದ್ದಳು. ಹಡಗಿನಲ್ಲಿ ಆರಾಮಾಗಿ ತಿಂಡಿ ತಿಂದು ಸ್ಟೇಷನ್ ತಲುಪುವಾಗ ಒಂಬತ್ತು ದಾಟಿತ್ತು. ಬೋರ್ಡಿನ ತುಂಬ ಒಂದೇ ಪದ, ‘ಕಾಂಚೆಲ್ಲಾತೊ’. ಇಟಾಲಿಯನ್ ಬರದವರಿಗೂ ಅರ್ಥವಾಗುವ ಪದ. ಅಲ್ಲೇ ನಿಂತಿದ್ದ ಇನ್ನೊಂದು ಜೋಡಿ ಜೊತೆ ಸೇರಿ ಟ್ಯಾಕ್ಸಿ ಮಾಡಿದೆವು. ನಮ್ಮ ಪಾಲಿಗೆ ಎಪ್ಪತ್ತು. ಆಮೇಲೆ ವಿಚಾರಿಸಿದರೆ, ಕೆಲಸದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ಮಧ್ಯೆ ಕೆಲವು ಲೋಕಲ್ ರೈಲುಗಳನ್ನು ಓಡಿಸಲೇಬೇಕು ಅನ್ನುವ ನಿಯಮ ಇದೆ. ಮುಷ್ಕರದ ದಿನಾಂಕವೂ ಮೊದಲೇ ಪ್ರಕಟವಾಗಿರುತ್ತದೆ. ನಾನು ನೋಡಿರಲಿಲ್ಲ, ಅಷ್ಟೇ. ಬೇಗ ಇಳಿದಿದ್ದರೆ ರೈಲು ಸಿಗುತ್ತಿತ್ತು.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ರೋಮಿಗೆ ಹೋಗುವ ಈ ಲೋಕಲ್ ಮಕ್ಕರೇಸೆ ಅನ್ನುವ ಸ್ಟೇಷನ್ ದಾಟುತ್ತದೆ. ಕಿಟಕಿಯಲ್ಲಿ ನೋಡಿದರೆ ವಿಮಾನಗಳು ಚಕ್ರ ಬಿಚ್ಚಿಕೊಂಡು ಇಳಿಯುತ್ತಿರುತ್ತವೆ, ಅಷ್ಟು ಹತ್ತಿರ. ರೈಲು ಮಾತ್ರ ಏರ್‌ಪೋರ್ಟನ್ನು ಪಕ್ಕಕ್ಕೆ ಬಿಟ್ಟು ರೋಮಿಗೆ ಹೋಗುತ್ತದೆ, ನಾವು ಅಲ್ಲಿಂದ ವಾಪಸ್ ಬರಬೇಕು. ಸುತ್ತಿ ಬಳಸಿ ಮೂಗು ಹಿಡಿದ ಹಾಗೆ. ಇಲ್ಲೇ ಇಳಿದು ಟ್ಯಾಕ್ಸಿ ಹಿಡಿದರೆ ಹೇಗೆ ಅಂತ ತಲೆಗೆ ಹುಳ ಬಿಟ್ಟುಕೊಂಡೆ. ಪುಣ್ಯಕ್ಕೆ ಫ್ಲೈಟ್ ಇಲ್ಲದ ದಿನ ಪರೀಕ್ಷೆ ಮಾಡಿದೆ, ಹಡಗು ಸುಮ್ನೆ ಒಂದು ದಿನ ನಿಂತಿದ್ದಾಗ. ಇಳಿದು ನೋಡಿದರೆ ಟ್ಯಾಕ್ಸಿಯೂ ಇಲ್ಲ, ಕೇಳಲು ಜನವೂ ಇಲ್ಲ. ಒಂದು ಬೆಕ್ಕು ಇತ್ತು. ಮುಂದಿನ ರೈಲಿಗೆ ಕಾದು ವಾಪಸ್ ಬಂದೆ.

ಉತ್ತರ ಇರುವುದು ಟ್ರಾಸ್ಟೆವೆರೆಯಲ್ಲಿ. ಟೆರ್ಮಿನಿವರೆಗೆ ಹೋಗಲೇಬಾರದು. ಸಾನ್ ಪಿಯೆತ್ರೊ ಬಿಟ್ಟ ಮೇಲೆ ಬರುವ ಸ್ಟೇಷನ್ ಅದು. ಅಲ್ಲಿ ಇಳಿದು ಎಫ್‌ಎಲ್1 ಲೋಕಲ್ ಹಿಡಿದರೆ ಅರ್ಧ ಗಂಟೆಯೊಳಗೆ ಏರ್‌ಪೋರ್ಟ್. 8 ಯೂರೋ. ಕೆಲಸದ ದಿನ ಕಾಲು ಗಂಟೆಗೊಂದು ರೈಲು, ಭಾನುವಾರ ಮತ್ತು ರಜೆಯಲ್ಲಿ ಅರ್ಧ ಗಂಟೆಗೊಂದು. ಬಿರ್ಗ್ ಅನ್ನುವ ದಿನದ ಪಾಸ್ ತಗೊಂಡರೆ ಉಳಿತಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಏರ್‌ಪೋರ್ಟ್ ರೈಲಿಗೆ ನಡೆಯುವುದಿಲ್ಲ.

ನಾಲ್ಕನೇ ಸಲ ಅಮ್ಮ, ಅಕ್ಕ, ಭಾವ ಜೊತೆಗಿದ್ದರು. ಈ ಯೋಜನೆ ಕೇಳಿದಾಗ ಭಾವ ಜೋರಾಗಿ ನಕ್ಕರು. "ನೀನೊಬ್ಬನೇ ಆದ್ರೆ ಏನಾದ್ರೂ ಮಾಡ್ಕೋ. ಅತ್ತೆಯವರನ್ನ ಯಾಕಪ್ಪಾ ಲೋಕಲ್ ರೈಲಿಗೆ ಎಳೀತೀಯಾ?" ಅಕ್ಕನೂ ಅವರ ಪಕ್ಷ. ಭಾವ ಆಗಲೇ ಒಂದು ವ್ಯಾನ್ ವಿಚಾರಿಸಿದ್ದರು, ನಾಲ್ಕು ಜನಕ್ಕೆ ನೂರ ಎಂಬತ್ತು. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು ಬೇರೆ. ಆದರೆ ಅಮ್ಮನೇ "ರೈಲಾದ್ರೆ ಕಿಟಕಿ ಪಕ್ಕ ಕೂರಬಹುದಲ್ಲ" ಅಂದುಬಿಟ್ಟರು. ನನಗೆ ಅಷ್ಟು ಸಾಕಿತ್ತು.

ನಿಜವಾದ ಕೆಲಸ ಪೆಟ್ಟಿಗೆಯದು. ರಾತ್ರಿ ಪೆಟ್ಟಿಗೆಗಳನ್ನು ಹೊರಗಿಡಲಿಲ್ಲ. ನಾವೇ ಎಳೆದುಕೊಂಡು ಇಳಿಯುತ್ತೇವೆ ಅಂದೆವು, ಹಾಗೆ ಹೇಳಿದವರನ್ನು ಮೊದಲು ಬಿಡುತ್ತಾರೆ. ದೊಡ್ಡ ಪೆಟ್ಟಿಗೆ ಬೇಡವೇ ಬೇಡ ಅಂತ ಮನೆಯಲ್ಲೇ ಜಗಳ ಮಾಡಿದ್ದೆ. ಎಲ್ಲರದ್ದೂ ಮಧ್ಯಮ ಗಾತ್ರ, ಒಂದೊಂದೂ ಹದಿನೆಂಟು ಕಿಲೋ ಆಸುಪಾಸು. ಚಕ್ರದ ಬಗ್ಗೆ ಒಂದು ಮಾತು. ನಾಲ್ಕು ಚಕ್ರದ ಪೆಟ್ಟಿಗೆ ಅಂಗಡಿಯ ನುಣುಪು ನೆಲದಲ್ಲಿ ಚೆನ್ನ. ಬಂದರಿನ ರಸ್ತೆಯಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ, ರೈಲು ಬ್ರೇಕ್ ಹಾಕಿದಾಗ ತಾನೇ ಹೊರಟುಬಿಡುತ್ತದೆ. ಅಕ್ಕನ ಪೆಟ್ಟಿಗೆ ಹೀಗೇ ಬೋಗಿಯ ಆ ತುದಿಗೆ ಹೋಗಿ ಒಬ್ಬ ಪಾದ್ರಿಯ ಕಾಲಿಗೆ ಬಡಿಯಿತು. ನನ್ನದು ಹಳೆಯ ಎರಡು ಚಕ್ರದ್ದು, ನಿಲ್ಲಿಸಿದ ಕಡೆ ನಿಲ್ಲುತ್ತದೆ. ಎರಡನ್ನು ಮಲಗಿಸಿ, ಉಳಿದೆರಡಕ್ಕೆ ಬೆಲ್ಟ್ ಹಾಕಿ ಸೀಟಿನ ಕಂಬಿಗೆ ಬಿಗಿದೆ.

ಏಳಕ್ಕೆ ಸ್ವಲ್ಪ ಮುಂಚೆ ಇಳಿದೆವು. ಹಡಗಿನಲ್ಲಿ ಲಿಫ್ಟಿನ ಸಾಲಿನಲ್ಲಿ ನಿಲ್ಲದೆ ಇಳಿಯುವ ಉಪಾಯ ಒಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ, ಎಲ್ಲರೂ ಅಲ್ಲಿಗೇ ಬಂದರೆ ನನ್ನ ಗತಿ? ಬಂದರಿನ ಉಚಿತ ಬಸ್ ಲಾರ್ಗೊ ದೆಲ್ಲಾ ಪಾಚೆ ಅನ್ನುವ ಬಸ್ ನಿಲ್ದಾಣಕ್ಕೆ ತಂದು ಬಿಟ್ಟಿತು. ಅಲ್ಲಿಂದ ಸ್ಟೇಷನ್ನಿಗೆ ಇನ್ನೊಂದು ಬಸ್ಸಿದೆ, ಅದಕ್ಕೆ ದುಡ್ಡು. ಅಮ್ಮ, ಅಕ್ಕ ಅದರಲ್ಲಿ ಹೋದರು. ನಾನು, ಭಾವ ಸಮುದ್ರದ ದಂಡೆಯಲ್ಲೇ ನಡೆದೆವು, ಮೈಕೆಲ್ಯಾಂಜೆಲೊ ಹೆಸರಿನ ಕೋಟೆಯ ಪಕ್ಕದಲ್ಲಿ. ಕೋಟೆ ಮಾತ್ರ ನೋಡುವಂಥದ್ದು. ಭಾವ ನೋಡಲಿಲ್ಲ, ಗಡಿಯಾರ ನೋಡುತ್ತಿದ್ದರು.

ಎಂಟರ ಹೊತ್ತಿನ ರೈಲು ಸಿಕ್ಕಿತು. ಈ ಸಲ ನಾಲ್ಕೂ ಟಿಕೆಟನ್ನು ನಾನೇ ಪಂಚ್ ಮಾಡಿ, ಮುದ್ರೆ ಬಿದ್ದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ. ಒಂದರಲ್ಲಿ ಶಾಯಿ ಮಸುಕಾಗಿತ್ತು, ಪಕ್ಕದ ಯಂತ್ರದಲ್ಲಿ ಮತ್ತೆ ಹಾಕಿಸಿದೆ. ಅಮ್ಮನಿಗೆ ಸಮುದ್ರದ ಕಡೆಯ ಕಿಟಕಿ. ಒಂಬತ್ತರ ಸುಮಾರಿಗೆ ಟ್ರಾಸ್ಟೆವೆರೆ. ಅಲ್ಲಿ ಪ್ಲಾಟ್‌ಫಾರ್ಮ್ ಬದಲಿಸಲು ಕೆಳಗಿನ ಸುರಂಗ ದಾಟಬೇಕು. ಎಲ್ಲರೂ ಸುಸ್ತಾಗುವುದು ಇಲ್ಲೇ. ಯಾವ ಬೋಗಿಯಲ್ಲಿ ಕೂತರೆ ಸರಿಯಾದ ಜಾಗಕ್ಕೆ ಇಳಿಯುತ್ತೇವೆ ಅನ್ನುವುದು ಎರಡು ವರ್ಷದ ಸಂಪಾದನೆ, ಅದೂ ಗುಟ್ಟು. ಭಾವನಿಗೆ ಮಾತ್ರ ಹೇಳಿದ್ದೇನೆ. ಕಾಲು ಗಂಟೆಯಲ್ಲಿ ಮುಂದಿನ ರೈಲು. ಹತ್ತಕ್ಕೆ ಹತ್ತು ನಿಮಿಷ ಮುಂಚೆ ಫ್ಯುಮಿಚಿನೊದಲ್ಲಿದ್ದೆವು. ಫ್ಲೈಟ್ ಇದ್ದದ್ದು ಒಂದೂವರೆಗೆ. ಫ್ಲೈಟ್ ಹನ್ನೆರಡೂವರೆಗಿಂತ ಮುಂಚೆ ಇದ್ದರೆ ಈ ದಾರಿಗೆ ನಾನೂ ಕೈ ಹಾಕುವುದಿಲ್ಲ.

ಏರ್‌ಪೋರ್ಟ್ ಒಳಗೆ ಕ್ರಮ ತಪ್ಪಿದರೆ ಉಳಿಸಿದ ಸಮಯ ಎಲ್ಲಾ ಹೋಯಿತು. ತೆರಿಗೆ ವಾಪಸ್ ಪಡೆಯುವುದಿದ್ದರೆ, ಸಾಮಾನು ಪೆಟ್ಟಿಗೆಯಲ್ಲಿದ್ದಾಗ, ಪೆಟ್ಟಿಗೆ ಕೊಡುವ ಮುಂಚೆಯೇ ಆ ಕೌಂಟರಿಗೆ ಹೋಗಬೇಕು. ಈಗ ಒಂದೇ ಬಿಲ್ 70 ಯೂರೋ ದಾಟಿದರೆ ಸಾಕು, ಮೊದಲು ನೂರ ಐವತ್ತೈದರ ಹತ್ತಿರ ಇತ್ತು. ಅಕ್ಕನ ಚರ್ಮದ ಬ್ಯಾಗಿಗೆ ಹನ್ನೊಂದೋ ಹನ್ನೆರಡೋ ಯೂರೋ ಬಂತು. ಅದಕ್ಕೆ ಅರ್ಧ ಗಂಟೆ ನಿಂತೆವು. ನನ್ನ ಪ್ರಕಾರ ದಂಡ, ಅಕ್ಕನ ಪ್ರಕಾರ ಹಕ್ಕು.

ಹಡಗಿನಲ್ಲಿ ಕೊಂಡ ಬಾಟಲಿಗಳನ್ನು ಕೊನೆಯ ರಾತ್ರಿ ಕೈಗೆ ಕೊಡುತ್ತಾರೆ. ಡ್ಯೂಟಿ ಫ್ರೀ ಅಂತ ಬರೆದಿರುತ್ತದೆ, ಆದರೆ ಏರ್‌ಪೋರ್ಟಿನ ಸೀಲ್ ಮಾಡಿದ ಚೀಲ ಅಲ್ಲ ಅದು. ಆಗ ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯಲ್ಲಿ ಜಗಳ ಗ್ಯಾರಂಟಿ ಇತ್ತು. ನಾನು ಲಿಮೊನ್ಚೆಲ್ಲೊ ಬಾಟಲಿಯನ್ನು ಎರಡು ಜೊತೆ ಕಾಲುಚೀಲದೊಳಗೆ ತೂರಿಸಿ ಪೆಟ್ಟಿಗೆಯ ನಡುವೆ ಇಟ್ಟಿದ್ದೆ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ಒಮ್ಮೆ ಪೆಟ್ಟಿಗೆಯಲ್ಲಿಟ್ಟು, ವಾಪಸ್ ಕರೆಸಿಕೊಂಡು, ಎಲ್ಲರ ಎದುರು ಒಳ ಉಡುಪೆಲ್ಲ ಹೊರಗೆ ಹಾಕಿ ಹುಡುಕಿದ್ದೇನೆ. ಮತ್ತೆ ಮರೆಯಲಿಲ್ಲ.

ಸೆಕ್ಯುರಿಟಿ ಸಾಲು ಆವತ್ತು ಇಪ್ಪತ್ತು ನಿಮಿಷ. ಪಾಸ್‌ಪೋರ್ಟ್ ಸಾಲು ಅದಕ್ಕಿಂತ ಜಾಸ್ತಿ. ಅಮ್ಮನಿಗೆ ಮುಂಚೆಯೇ ಗಾಲಿಕುರ್ಚಿ ಕೇಳಿದ್ದೆ, ಹಾಗಾಗಿ ಅವರು ನಮಗಿಂತ ಮುಂಚೆ ಗೇಟ್ ಸೇರಿ, ಪಕ್ಕದವರ ಜೊತೆ ಕನ್ನಡದಲ್ಲೇ ಮಾತಾಡುತ್ತಾ ಕೂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಗೇಟ್ ಹತ್ತಿರ ಭಾವ ಲೆಕ್ಕ ಹಾಕಿದರು. ಬಂದರಿನ ಬಸ್ಸನ್ನೂ ಸೇರಿಸಿ ಅರವತ್ತು ದಾಟಿರಲಿಲ್ಲ, ವ್ಯಾನಿಗೆ ಹೋಲಿಸಿದರೆ ನೂರ ಇಪ್ಪತ್ತು ಉಳಿದಿತ್ತು. "ಏನೋ ಅದೃಷ್ಟ ಚೆನ್ನಾಗಿತ್ತು" ಅಂದರು. ಅದೃಷ್ಟ ಚೆನ್ನಾಗಿರದೆ ಹೋದದ್ದು ಅವರ ಪಿಸ್ತಾ ಕ್ರೀಮಿನ ಬಾಟಲಿಗೆ ಮಾತ್ರ. ಇನ್ನೂರು ಗ್ರಾಂ, ಬೇಡ ಅಂದರೂ ಕೈಚೀಲದಲ್ಲಿಟ್ಟಿದ್ದರು. ತಿನ್ನುವ ವಸ್ತು, ದ್ರವ ಅಲ್ಲ ಅಂತ ಸೆಕ್ಯುರಿಟಿ ಹುಡುಗಿಯ ಜೊತೆ ವಾದಕ್ಕಿಳಿದರು. ಅವಳು ಬಾಟಲಿಯನ್ನು ಒಮ್ಮೆ ತಲೆಕೆಳಗು ಮಾಡಿ ಹಿಡಿದಳು. ಕ್ರೀಮ್ ನಿಧಾನವಾಗಿ ಕೆಳಗಿಳಿಯಿತು. ಹದಿನಾಲ್ಕು ಯೂರೋ. ಅದನ್ನು ನನ್ನ ಲೆಕ್ಕಕ್ಕೆ ಸೇರಿಸಿಲ್ಲ.